ಚಾರ್ಜ್: ಚಕ್ಕಡಿಗೆ ಹೇರಿದ ಒಂದು ಮಾತು

ಬೆಳಗಾವಿಯ ಉದ್ಯಮಬಾಗದಲ್ಲಿ ಎರಕದ ಫೌಂಡ್ರಿಗಳಿವೆ. ಅಲ್ಲಿ ಭಟ್ಟಿ ಹಚ್ಚುವ ಮುಂಚೆ ಒಂದು ಹಾಳೆ ಕೈಗೆ ಬರುತ್ತದೆ: ಸ್ಕ್ರ್ಯಾಪ್ ಇಷ್ಟು ಕಿಲೋ, ಪಿಗ್ ಐರನ್ (ಅದಿರಿನಿಂದ ತೆಗೆದ ಕಚ್ಚಾ ಕಬ್ಬಿಣ) ಇಷ್ಟು, ಕಾರ್ಬನ್ ಇಷ್ಟು. ಅದರ ಹೆಸರು ಚಾರ್ಜ್‌ಶೀಟ್. ಅದೇ ಊರಿನ ಕೋರ್ಟಿನಲ್ಲಿ ಚಾರ್ಜ್‌ಶೀಟ್ ಅಂದರೆ ಪೊಲೀಸರು ತನಿಖೆ ಮುಗಿಸಿ ಸಲ್ಲಿಸುವ ಕಾಗದದ ಕಟ್ಟು. ಒಂದರಲ್ಲಿ ಕಬ್ಬಿಣದ ಲೆಕ್ಕ, ಇನ್ನೊಂದರಲ್ಲಿ ಅಪರಾಧದ ಲೆಕ್ಕ. ಎರಡಕ್ಕೂ ಒಂದೇ ಹೆಸರು ಬಿದ್ದದ್ದು ಅಕಸ್ಮಾತ್ತಾಗಿ ಅಲ್ಲ.

ಇಂಗ್ಲಿಷ್ ಬಾರದವರೂ ದಿನಕ್ಕೆ ಹತ್ತು ಸಲ ಆಡುವ ಮಾತು ಇದು. ಫೋನು ಚಾರ್ಜಿಗೆ ಹಚ್ಚುತ್ತೇವೆ. ಜಮಖಂಡಿಗೆ ಬಸ್ ಚಾರ್ಜ್ ಎಷ್ಟು ಅಂತ ಕೇಳುತ್ತೇವೆ. ಹೆಡ್‌ಮಾಸ್ತರು ನಿವೃತ್ತರಾದರೆ ಇನ್ನೊಬ್ಬರು ಚಾರ್ಜ್ ತಗೊಳ್ಳುತ್ತಾರೆ. ಗುಂಪು ಕೈಮೀರಿದರೆ ಲಾಠಿ ಚಾರ್ಜ್, ಕಾಯಿಲೆ ವಾಸಿಯಾದರೆ ದವಾಖಾನೆಯಿಂದ ಡಿಸ್ಚಾರ್ಜ್. ಇಷ್ಟಕ್ಕೂ ಒಂದೇ ಕನ್ನಡ ಪದ ಹುಡುಕಲು ಹೊರಟವರು ಸೋಲುತ್ತಾರೆ. ನಿಘಂಟಿನಲ್ಲಿ ಶುಲ್ಕ, ಆರೋಪ, ಹೊಣೆ, ದಾಳಿ, ವಿದ್ಯುದಾವೇಶ ಎಂದು ಸಾಲಾಗಿ ಬರೆದಿರುತ್ತದೆ. ಒಂದಕ್ಕೊಂದು ಏನು ನಂಟು ಎಂದು ಅದು ಹೇಳುವುದಿಲ್ಲ. ನಂಟು ತಿಳಿಯಬೇಕಾದರೆ ಬಂಡಿಯ ಹತ್ತಿರ ಹೋಗಬೇಕು.

ಇಂದಿನ ಫ್ರಾನ್ಸ್ ಇರುವ ನೆಲದಲ್ಲಿ ಎರಡು ಸಾವಿರ ವರ್ಷಗಳ ಹಿಂದೆ ಗಾಲ್ ಜನ ಇದ್ದರು. ಅವರ ಬಂಡಿಯ ಹೆಸರನ್ನು ರೋಮನ್ನರು ಎತ್ತಿಕೊಂಡು ಲ್ಯಾಟಿನ್ನಿನಲ್ಲಿ ಕರ್ರುಸ್ ಎಂದರು. ಕರ್ರುಸ್‌ಗೆ ಸರಕು ಹೇರುವುದು ಕರ್ರಿಕಾರೆ. ಅದು ಹಳೆಯ ಫ್ರೆಂಚಿನಲ್ಲಿ ಸವೆದು, 13ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ಚಾರ್ಜ್ ಆಗಿ ನಿಂತಿತು. ಕಾರು, ಕ್ಯಾರಿ, ಕಾರ್ಗೋ ಎಲ್ಲವೂ ಅದೇ ಬಂಡಿಯ ಮಕ್ಕಳು. ವ್ಯಂಗ್ಯಚಿತ್ರಕ್ಕೆ ಹೇಳುವ ಕ್ಯಾರಿಕೇಚರ್ ಕೂಡ ಅಲ್ಲಿಂದಲೇ ಬಂತು: ಇಟಾಲಿಯನ್ನಿನಲ್ಲಿ ಕರಿಕಾರೆ ಎಂದರೆ ಹೇರುವುದು, ಚಿತ್ರಕಾರ ಇರುವ ಮೂಗಿನ ಮೇಲೆ ಇನ್ನೊಂದಿಷ್ಟು ಹೇರುತ್ತಾನೆ.

ಅಂದರೆ ಚಾರ್ಜ್ ಎಂಬುದರ ಬುಡದ ಅರ್ಥ ನಮ್ಮ ಭಾಗದ 'ಹೇರು'. ಒಂದು ಹೇರು ಕಟಗಿ, ಹೇರು ಹೊತ್ತ ಚಕ್ಕಡಿ ಎನ್ನುತ್ತೇವಲ್ಲ, ಅದೇ. ಒಂದು ವಸ್ತುವಿನ ಮೇಲೆ ಅದು ತಾಳುವಷ್ಟು ಭಾರ ಇಡುವುದು. ಚಕ್ಕಡಿಯ ಜಾಗದಲ್ಲಿ ಭಟ್ಟಿ, ಬಂದೂಕು, ಬ್ಯಾಟರಿ, ಹೊಲ, ಮನುಷ್ಯ, ಖಾತೆ ಇವುಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಅರ್ಥಗಳೆಲ್ಲ ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಇಂಗ್ಲಿಷ್ ಏನೋ ವಿಚಿತ್ರ ಮಾಡಿದೆ ಎಂದೂ ತಿಳಿಯಬೇಕಿಲ್ಲ. ಕನ್ನಡವೂ ತೆರಿಗೆ 'ಹೇರುತ್ತದೆ', ಆರೋಪ 'ಹೊರಿಸುತ್ತದೆ', ಹೊಣೆ 'ಹೊರುತ್ತದೆ'. ಆರೋಪ ಎಂಬ ಸಂಸ್ಕೃತ ಪದವನ್ನೇ ಬಿಡಿಸಿದರೆ ಮೇಲೆ ಏರಿಸುವುದು, ಮೇಲೆ ಇಡುವುದು ಎಂದಾಗುತ್ತದೆ. ಧ್ವಜಾರೋಹಣದ ಆರೋಹಣಕ್ಕೂ ಅದಕ್ಕೂ ಧಾತು ಒಂದೇ.

ಭಟ್ಟಿಯ ಚಾರ್ಜ್

ಹೇರುವ ಅರ್ಥ ಇಂದಿಗೂ ಹಸಿಯಾಗಿ ಉಳಿದಿರುವ ಜಾಗ ಫೌಂಡ್ರಿ. ಇಲ್ಲಿ ಚಾರ್ಜ್ ಎಂದರೆ ಕರಗಿಸಲು ಭಟ್ಟಿಗೆ ಹಾಕುವ ಒಟ್ಟು ಮಾಲು. ಕರೆಂಟಿನಿಂದ ಕಾಯುವ 500 ಕಿಲೋದ ಇಂಡಕ್ಷನ್ ಭಟ್ಟಿಯಲ್ಲಿ ಗ್ರೇ ಐರನ್ (ಬೂದು ಎರಕದ ಕಬ್ಬಿಣ) ಎರಕ ಹೊಯ್ಯಬೇಕು ಎಂದುಕೊಳ್ಳಿ. ಮಾಲು ಮೂರು ಬಗೆಯದು. ಹಿಂದಿನ ಎರಕದಿಂದ ಮುರಿದು ತೆಗೆದ ರನ್ನರ್, ರೈಸರ್ (ಅಚ್ಚಿಗೆ ಕಬ್ಬಿಣ ಹರಿಯುವ ದಾರಿಯಲ್ಲಿ ಉಳಿದು ಗಟ್ಟಿಯಾದದ್ದು) ಮತ್ತು ರಿಜೆಕ್ಟ್ ಆದ ತುಂಡುಗಳು, ಇದಕ್ಕೆ ರಿಟರ್ನ್ಸ್ ಎನ್ನುತ್ತಾರೆ, 200 ಕಿಲೋ. ಸ್ಟೀಲ್ ಸ್ಕ್ರ್ಯಾಪ್ 175 ಕಿಲೋ. ಪಿಗ್ ಐರನ್ 125 ಕಿಲೋ.

ಈಗ ಕಾರ್ಬನ್ ಲೆಕ್ಕ. ರಿಟರ್ನ್ಸ್‌ನಲ್ಲಿ ಶೇ 3.3 ಹಿಡಿದರೆ 6.6 ಕಿಲೋ ಕಾರ್ಬನ್. ಪಿಗ್ ಐರನ್‌ನಲ್ಲಿ ಶೇ 4.2ರಂತೆ 5.25 ಕಿಲೋ. ಸ್ಟೀಲಿನಲ್ಲಿ ಶೇ 0.2, ಅಂದರೆ 0.35 ಕಿಲೋ, ಇದ್ದೂ ಇಲ್ಲದ ಹಾಗೆ. ಕೂಡಿದರೆ 12.2 ಕಿಲೋ, 500ರಲ್ಲಿ ಶೇ 2.44. ಬೇಕಾದದ್ದು ಶೇ 3.3, ಅಂದರೆ 16.5 ಕಿಲೋ. ಕೊರತೆ 4.3 ಕಿಲೋ. ಇದನ್ನು ಕಾರ್ಬರೈಸರ್ ಎಂಬ ಕಾರ್ಬನ್ ಪುಡಿಯಿಂದ ತುಂಬಬೇಕು. ಹಾಕಿದ್ದೆಲ್ಲ ಕಬ್ಬಿಣದಲ್ಲಿ ಕರಗುವುದಿಲ್ಲ, ಶೇ 85ರಷ್ಟು ಹಿಡಿಯುತ್ತದೆ ಎಂದುಕೊಂಡರೆ 5 ಕಿಲೋಗಿಂತ ತುಸು ಹೆಚ್ಚು ಬೇಕು. ಚಾರ್ಜ್‌ಶೀಟ್‌ನಲ್ಲಿ ಬರೆಯುವುದು ಇದನ್ನೇ.

ಹಾಕುವ ಸರದಿಯೂ ಮುಖ್ಯ. ಕಾರ್ಬರೈಸರ್ ಮೊದಲಿಗೇ, ಸ್ಕ್ರ್ಯಾಪಿನ ಜೊತೆ ತಳಕ್ಕೆ ಹೋಗಬೇಕು. ಕೊನೆಯಲ್ಲಿ ಮೇಲಿಂದ ಸುರಿದರೆ ಅದು ಕಿಟ್ಟದ ಮೇಲೆ ತೇಲಿ ಸುಟ್ಟುಹೋಗುತ್ತದೆ, ಲೆಕ್ಕ ಕಾಗದದಲ್ಲೇ ಉಳಿಯುತ್ತದೆ. ದೊಡ್ಡ ತುಂಡುಗಳು ಭಟ್ಟಿಯ ಬಾಯಲ್ಲಿ ಅಡ್ಡ ಸಿಕ್ಕಿಕೊಂಡರೆ ಮೇಲೆ ಸೇತುವೆ ಕಟ್ಟಿದಂತಾಗಿ, ಕೆಳಗಿನ ಕಬ್ಬಿಣ ಮಾತ್ರ ಮಿತಿಮೀರಿ ಕಾದು ಭಟ್ಟಿಯ ಒಳಗೋಡೆಯನ್ನೇ ತಿನ್ನತೊಡಗುತ್ತದೆ. ಎಲ್ಲಕ್ಕಿಂತ ಅಪಾಯದ್ದು ಹಸಿ ಸ್ಕ್ರ್ಯಾಪು ಮತ್ತು ಬಾಯಿ ಮುಚ್ಚಿದ ಪೈಪು. ಕರಗಿದ ಕಬ್ಬಿಣದೊಳಗೆ ಒಂದು ಲೋಟ ನೀರು ಸಿಕ್ಕಿಬಿದ್ದರೂ ಅದು ಒಮ್ಮೆಲೇ ಉಗಿಯಾಗಿ ಸಾವಿರಾರು ಪಟ್ಟು ಹಿಗ್ಗುತ್ತದೆ, ಕಬ್ಬಿಣ ಮೇಲೆ ಸಿಡಿಯುತ್ತದೆ. ಬೈಕಿನ ಹಳೆಯ ಶಾಕ್ ಅಬ್ಸಾರ್ಬರುಗಳನ್ನು ಕೊಯ್ಯದೆ ಹಾಕಬಾರದು ಎನ್ನುವುದು ಇದಕ್ಕೇ. ಮಳೆಗಾಲದಲ್ಲಿ ಬೆಳಗಾವಿಯ ಗಾಳಿಯೇ ತೇವ. ಹೊರಗೆ ಬಿದ್ದ ಸ್ಕ್ರ್ಯಾಪನ್ನು ಹಿಂದಿನ ದಿನವೇ ಒಳಗೆ ತಂದು ಒಣಗಿಸಿ ಹಾಕಬೇಕು.

ಮದ್ದಿನಿಂದ ಬ್ಯಾಟರಿಗೆ

ಬಂಡಿಗೆ ಹೇರುವುದು ಚಾರ್ಜ್ ಆದಮೇಲೆ ಬಂದೂಕಿಗೆ ಮದ್ದು ತುಂಬುವುದೂ ಚಾರ್ಜ್ ಆಯಿತು. ಒಂದು ಸಲಕ್ಕೆ ಹಿಡಿಸುವಷ್ಟು ಮದ್ದು ಒಂದು ಚಾರ್ಜ್, ಹಾರಿಸಿ ಖಾಲಿ ಮಾಡಿದರೆ ಡಿಸ್ಚಾರ್ಜ್. ಕಲ್ಲಿನ ಕ್ವಾರಿಗಳಲ್ಲಿ ಕೊರೆದ ರಂಧ್ರಕ್ಕೆ ಸಿಡಿಮದ್ದು ತುಂಬುವುದಕ್ಕೆ ಇವತ್ತಿಗೂ ಹೋಲ್ ಚಾರ್ಜ್ ಮಾಡುವುದು ಎಂದೇ ಹೆಸರು.

ಇಲ್ಲಿಂದ ವಿದ್ಯುತ್ತಿಗೆ ಒಂದೇ ಹೆಜ್ಜೆ. 1745-46ರಲ್ಲಿ ಯುರೋಪಿನಲ್ಲಿ ಲೈಡನ್ ಜಾಡಿ ಎಂಬ ಗಾಜಿನ ಪಾತ್ರೆ ಬಂತು. ಉಜ್ಜಿ ಹುಟ್ಟಿಸಿದ ವಿದ್ಯುತ್ತನ್ನು ಅದರಲ್ಲಿ ತುಂಬಿಡಬಹುದಿತ್ತು, ಮುಟ್ಟಿದರೆ ಚಟ್ಟೆಂದು ಖಾಲಿಯಾಗುತ್ತಿತ್ತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಗೆ ತನ್ನ ಪತ್ರಗಳಲ್ಲಿ ಇದಕ್ಕೆ ಚಾರ್ಜ್, ಡಿಸ್ಚಾರ್ಜ್ ಎಂಬ ಬಂದೂಕಿನ ಮಾತುಗಳನ್ನೇ ಬಳಸಿದ. ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಬ್ಯಾಟರಿ ಎಂದ. ಬ್ಯಾಟರಿ ಎಂದರೆ ಆಗ ತೋಪುಗಳ ಸಾಲು. ವಿಜಯಪುರದ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿಗೂ ನಮ್ಮ ಜೇಬಿನ ಫೋನಿಗೂ ಮಾತಿನ ಮಟ್ಟಿಗೆ ಇಷ್ಟು ಹತ್ತಿರದ ಸಂಬಂಧ. ಕನ್ನಡದ ಪಠ್ಯಪುಸ್ತಕಗಳು ಈ ಚಾರ್ಜಿಗೆ ಆವೇಶ ಎಂದದ್ದೂ ಚೆನ್ನಾಗಿದೆ. ದೇವರು ಮೈಮೇಲೆ ಬಂದವರಿಗೆ ಹೇಳುವ ಮಾತು, ತುಂಬಿಕೊಂಡು ಸಿಡಿಯಲು ಸಿದ್ಧವಾದ ಸ್ಥಿತಿ.

ಬ್ಯಾಟರಿಯ ಡಬ್ಬಿಯ ಮೇಲೆ ಬರೆದ ಆಂಪಿಯರ್-ಅವರ್ ಎಂಬುದು ಈ ಹೇರಿನ ಅಳತೆ. ಫೋನಿನ 5000 ಮಿಲಿಆಂಪಿಯರ್-ಅವರ್ ಎಂದರೆ 5 ಆಂಪಿಯರ್ ವಿದ್ಯುತ್ತು ಒಂದು ತಾಸು ಹರಿಯುವಷ್ಟು, ವಿಜ್ಞಾನದ ಮಾನದಲ್ಲಿ 18,000 ಕೂಲಂಬ್. ವೋಲ್ಟೇಜ್ ಸೇರಿಸಿ ಗುಣಿಸಿದರೆ ಸುಮಾರು 19 ವ್ಯಾಟ್-ಅವರ್. ಚಾರ್ಜರಿನಲ್ಲಿ ಸೋರುವುದನ್ನು ಹಿಡಿದರೂ ಒಂದು ಯೂನಿಟ್ ಕರೆಂಟಿನಲ್ಲಿ 40 ಸಲದ ಹತ್ತಿರ ಫೋನು ತುಂಬಬಹುದು. ಲೈಟ್ ಬಿಲ್ ಹೆಚ್ಚು ಬಂದರೆ ಮಕ್ಕಳ ಫೋನಿಗೆ ಬೈಯುವುದರಲ್ಲಿ ಅರ್ಥವಿಲ್ಲ. ಲಿಥಿಯಂ ಬ್ಯಾಟರಿಗೆ ಚಾರ್ಜ್ ಹೇರಲು 45 ಡಿಗ್ರಿ ಸೆಲ್ಸಿಯಸ್ ಸಾಮಾನ್ಯ ಮಿತಿ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರದ ತಗಡಿನ ಮನೆಯಲ್ಲಿ ಗಾಳಿಯೇ 40 ದಾಟಿದಾಗ ಫೋನು ತಾನೇ ಚಾರ್ಜ್ ನಿಧಾನ ಮಾಡುವುದು, ಒಮ್ಮೊಮ್ಮೆ ನಿಲ್ಲಿಸುವುದು ಕೆಟ್ಟಿದ್ದರ ಗುರುತಲ್ಲ.

ಇನ್ವರ್ಟರಿನ ಸೀಸದ ಬ್ಯಾಟರಿಯ ರೀತಿ ಬೇರೆ. 150 ಆಂಪಿಯರ್-ಅವರ್ ಬ್ಯಾಟರಿಗೆ ಹತ್ತನೇ ಒಂದು ಪಾಲು, ಅಂದರೆ 15 ಆಂಪಿಯರಿನಂತೆ ಹೇರುವುದು ಕ್ರಮ. ಪೂರ್ತಿ ಖಾಲಿಯಿದ್ದರೆ 10ರಿಂದ 12 ತಾಸು ಬೇಕು. ಅವಸರ ಮಾಡಿದರೆ ಪ್ಲೇಟು ಕಾದು ನೀರು ಆರುತ್ತದೆ. ದ್ರವದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಅದ್ದಿ ನೋಡಿದರೆ ತುಂಬಿದಾಗ 1.240ರಿಂದ 1.280ರ ನಡುವೆ ನಿಲ್ಲುತ್ತದೆ, 1.150ರ ಕೆಳಗೆ ಇಳಿದರೆ ಖಾಲಿ. ಬ್ಯಾಟರಿ ನೀರನ್ನು ಚಾರ್ಜ್ ಆದ ಮೇಲೆ ಹಾಕಬೇಕು, ಯಾಕೆಂದರೆ ಚಾರ್ಜ್ ಆಗುವಾಗ ಒಳಗಿನ ದ್ರವ ಉಬ್ಬಿ ಹೊರಗೆ ಚೆಲ್ಲುತ್ತದೆ. ಪ್ಲೇಟು ಹೊರಗೆ ಕಾಣುವಷ್ಟು ಇಳಿದಿದ್ದರೆ ಮಾತ್ರ ಪ್ಲೇಟು ಮುಳುಗುವಷ್ಟು ಮೊದಲೇ ಹಾಕಿ. ಆಸಿಡ್ ಎಂದೂ ಹಾಕಬೇಡಿ, ಆರಿಹೋಗುವುದು ನೀರು ಮಾತ್ರ. ಖಾಲಿ ಬ್ಯಾಟರಿಯನ್ನು ತಿಂಗಳುಗಟ್ಟಲೆ ಹಾಗೇ ಇಟ್ಟರೆ ಪ್ಲೇಟಿನ ಮೇಲೆ ಗಟ್ಟಿ ಸಲ್ಫೇಟ್ ಕಟ್ಟಿ, ಆಮೇಲೆ ಎಷ್ಟು ಹೇರಿದರೂ ಹಿಡಿಯುವುದಿಲ್ಲ.

ಹೊಲದ ಮೇಲಿನ ಬೋಜಾ

ಈ ಅರ್ಥ ನಮ್ಮ ಭಾಗದ ರೈತರಿಗೆ ಚೆನ್ನಾಗಿ ಗೊತ್ತು, ಆದರೆ ಅದೇ ಇಂಗ್ಲಿಷಿನ ಚಾರ್ಜ್ ಎಂಬುದು ಗೊತ್ತಿರುವುದಿಲ್ಲ. ಬೆಳೆಸಾಲ ತೆಗೆದರೆ ಉತಾರದ, ಅಂದರೆ ಪಹಣಿಯ, ಮೇಲೆ ಬೋಜಾ ಬೀಳುತ್ತದೆ ಎನ್ನುತ್ತೇವೆ. ಬೋಜಾ ಎಂದರೆ ಮರಾಠಿ, ಹಿಂದಿಯಲ್ಲಿ ಹೊರೆ. ಬ್ಯಾಂಕಿನ ಇಂಗ್ಲಿಷ್ ಕಾಗದದಲ್ಲಿ ಅದಕ್ಕಿರುವ ಹೆಸರು ಚಾರ್ಜ್. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 100ನೇ ಕಲಮು ಹೇಳುವುದು ಇದನ್ನೇ: ಒಬ್ಬರ ಸ್ಥಿರ ಸ್ವತ್ತು ಇನ್ನೊಬ್ಬರಿಗೆ ಸಲ್ಲಬೇಕಾದ ಹಣಕ್ಕೆ ಭದ್ರತೆಯಾಗಿ ನಿಂತು, ಅದು ಅಡಮಾನ ಎನಿಸದಿದ್ದರೆ, ಅದು ಚಾರ್ಜ್. ಹೊಲ ನಿಮ್ಮದೇ, ಉಳುವವರೂ ನೀವೇ. ಆದರೆ ಅದರ ಮೇಲೊಂದು ಹೇರು ಕೂತಿದೆ, ಅದನ್ನು ಇಳಿಸದೆ ಹೊಲ ಹಗುರಾಗಿ ಕೈ ಬದಲಿಸುವುದಿಲ್ಲ.

ಪಹಣಿಯ 11ನೇ ಕಾಲಮ್ಮಿನಲ್ಲಿ ಬ್ಯಾಂಕು ಅಥವಾ ಸೊಸೈಟಿಯ ಹೆಸರು, ಮೊತ್ತ, ಮ್ಯುಟೇಶನ್ ನಂಬರ್ ಇರುತ್ತದೆ. ತಪ್ಪುವುದು ಇಳಿಸುವ ಹೊತ್ತಿನಲ್ಲಿ. ಸಾಲ ತೀರಿಸಿದ ಕೂಡಲೇ ಬೋಜಾ ತಾನಾಗಿಯೇ ಹೋಗುತ್ತದೆ ಎಂದು ಬಹಳ ಜನ ನಂಬಿರುತ್ತಾರೆ. ಬ್ಯಾಂಕಿನ ಖಾತೆಯೇ ಬೇರೆ, ಕಂದಾಯ ಇಲಾಖೆಯ ದಾಖಲೆಯೇ ಬೇರೆ. ಮೊದಲು ಬ್ಯಾಂಕಿನಿಂದ ಬೇಬಾಕಿ ಪತ್ರ ಪಡೆಯಬೇಕು, ಅದರಲ್ಲಿ ಸರ್ವೆ ನಂಬರು ಹಿಸ್ಸಾ ಸಮೇತ ಸರಿಯಾಗಿದೆಯೇ ನೋಡಬೇಕು. ಬೋಜಾ ತೆಗೆಯುವ ಕೋರಿಕೆ ಬ್ಯಾಂಕಿನಿಂದ ಆನ್‌ಲೈನ್‌ನಲ್ಲಿ ಹೋಯಿತೋ ಅಥವಾ ಕಾಗದ ತಗೊಂಡು ನಾವೇ ಹೋಗಬೇಕೋ ಕೇಳಬೇಕು. ಆಮೇಲೆ ಹೊಸ ಉತಾರ ತೆಗೆಸಿ 11ನೇ ಕಾಲಮ್ಮು ಕಣ್ಣಾರೆ ನೋಡಬೇಕು. ಅಣ್ಣತಮ್ಮಂದಿರ ಹಿಸ್ಸಾ ಆಗುವ ಮೊದಲು ಅಪ್ಪ ತೆಗೆದ ಸಾಲವಾದರೆ ಒಂದೇ ಬೋಜಾ ಮೂರು ಉತಾರದಲ್ಲಿ ಹರಡಿಕೊಂಡಿರುತ್ತದೆ. ಒಂದರಲ್ಲಿ ಇಳಿಸಿ ಎರಡರಲ್ಲಿ ಮರೆತರೆ, ಹತ್ತು ವರ್ಷದ ಮೇಲೆ ಹೊಲ ಮಾರುವ ದಿನ ಅದು ಎದ್ದು ಕೂಡುತ್ತದೆ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೊಡುವ ಇಸಿ ಕಾಗದದ ಕನ್ನಡ ಹೆಸರು ಋಣಭಾರ ಪ್ರಮಾಣಪತ್ರ. ಅಲ್ಲೂ ಭಾರ.

ಕಚೇರಿಯಲ್ಲಿ ಚಾರ್ಜ್ ಎಂಬುದಕ್ಕೆ ಸರಕಾರಿ ಕನ್ನಡ ಪ್ರಭಾರ ಎಂದದ್ದೂ ಅದೇ ಭಾರವನ್ನು ನಂಬಿ. ಇನ್‌ಚಾರ್ಜ್ ಹೆಡ್‌ಮಾಸ್ತರು ಪ್ರಭಾರಿ ಮುಖ್ಯೋಪಾಧ್ಯಾಯರು. ಇಲ್ಲಿ ಹೇರು ಎಂದರೆ ಬೀಗದ ಕೈಗಳು, ಪುಸ್ತಕಗಳು, ಹಣ, ಸಾಮಾನು. ಒಂದು ಸರಕಾರಿ ಸಾಲಿಯ ಚಾರ್ಜ್ ತಗೊಳ್ಳುವವರು ಕ್ಯಾಶ್‌ಬುಕ್ಕಿನ ಶಿಲ್ಕು ಬ್ಯಾಂಕಿನ ಪಾಸ್‌ಬುಕ್ಕಿಗೆ ತಾಳೆಯಾಗುತ್ತದೆಯೇ ನೋಡಬೇಕು. ದಾಖಲಾತಿ ರಿಜಿಸ್ಟರಿನ ಕೊನೆಯ ನಂಬರು, ಖಾಲಿ ವರ್ಗಾವಣೆ ಪತ್ರಗಳ ಪುಸ್ತಕದ ಕೊನೆಯ ನಂಬರು, ಸ್ಟಾಕ್ ರಿಜಿಸ್ಟರು, ಸೇವಾ ಪುಸ್ತಕಗಳು, ಇವೆಲ್ಲ ಪಟ್ಟಿಯಾಗಬೇಕು. ಕೊಡುವವರು, ತಗೊಳ್ಳುವವರು ಇಬ್ಬರೂ ತಾರೀಖಿನ ಮುಂದೆ ಪೂರ್ವಾಹ್ನವೋ ಅಪರಾಹ್ನವೋ ಬರೆದು ಸಹಿ ಹಾಕುತ್ತಾರೆ. ಅರ್ಧ ದಿನದ ಸಂಬಳ ಯಾರಿಗೆ ಎಂಬುದು ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ಎಡವುವುದು ಹೆಚ್ಚಾಗಿ ಬಿಸಿಯೂಟದ ಅಕ್ಕಿಯಲ್ಲಿ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ ಎಂಬ ಲೆಕ್ಕವಿದೆ. ಹಾಜರಿಯಿಂದ ಗುಣಿಸಿದರೆ ಎಷ್ಟು ಉಳಿದಿರಬೇಕು ಎಂದು ಗೊತ್ತಾಗುತ್ತದೆ. ಪುಸ್ತಕದಲ್ಲಿ 4 ಕ್ವಿಂಟಲ್ ಇದ್ದು ಖೋಲಿಯಲ್ಲಿ ಆರು ಚೀಲ ಕಂಡವು ಅಂತ ತೂಗದೆ ಸಹಿ ಹಾಕಿದರೆ, 50 ಕಿಲೋದ ಆರು ಚೀಲ ಎಂದರೆ 3 ಕ್ವಿಂಟಲ್ ಮಾತ್ರ. ಉಳಿದ ಒಂದು ಕ್ವಿಂಟಲ್ ಅಂದಿನಿಂದ ಹೊಸಬರ ತಲೆ ಮೇಲೆ. ಚಾರ್ಜ್ ತಗೊಂಡೆ ಎಂದರೆ ಹೇರು ಬದಲಾಯಿತು ಎಂದೇ ಅರ್ಥ, ಹಿಂದಿನವರ ತಪ್ಪು ಎನ್ನುವ ಮಾತು ಆಮೇಲೆ ನಡೆಯುವುದು ಕಷ್ಟ.

ಕೋರ್ಟಿನ ಮೂರು ಮೆಟ್ಟಿಲು

ಪತ್ರಿಕೆ ಓದುವವರು ಎಡವುವ ಜಾಗ ಇದು. ಎಫ್‌ಐಆರ್, ಚಾರ್ಜ್‌ಶೀಟ್, ಚಾರ್ಜ್ ಫ್ರೇಮ್ ಇವು ಮೂರು ಬೇರೆ ಬೇರೆ ಮೆಟ್ಟಿಲು. ಎಫ್‌ಐಆರ್ ಎಂದರೆ ಹೀಗೊಂದು ಅಪರಾಧ ನಡೆದಿದೆ ಎಂಬ ಮೊದಲ ವರ್ತಮಾನ. ಅದರಲ್ಲಿ ಆರೋಪಿಯ ಹೆಸರೇ ಇಲ್ಲದಿರಬಹುದು. ಚಾರ್ಜ್‌ಶೀಟ್ ಎಂದರೆ ತನಿಖೆ ಮುಗಿಸಿದ ಪೊಲೀಸರು ಕೋರ್ಟಿಗೆ ಕೊಡುವ ವರದಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಕಲಮಿನ ಪ್ರಕಾರ ಇದನ್ನು ಸಲ್ಲಿಸುತ್ತಾರೆ. ಇದು ಪೊಲೀಸರ ಮಾತು, ಕೋರ್ಟಿನದಲ್ಲ. ಅದನ್ನು ಓದಿ, ಎರಡೂ ಕಡೆ ಕೇಳಿ, ವಿಚಾರಣೆ ನಡೆಸಲು ಆಧಾರವಿದೆ ಎನಿಸಿದರೆ ನ್ಯಾಯಾಧೀಶರು ತಾವೇ ಬರೆಯುವುದು ಚಾರ್ಜ್. ಇಂಥ ದಿನ, ಇಂಥ ಜಾಗದಲ್ಲಿ, ಇಂಥವರ ವಿರುದ್ಧ, ಇಂಥ ಕಲಮಿನ ಅಪರಾಧ ಮಾಡಿದ್ದೀರಿ ಎಂದು ಬರೆದು, ಆರೋಪಿಗೆ ಓದಿ ತಿಳಿಸಿ, ಒಪ್ಪುತ್ತೀರೋ ವಿಚಾರಣೆ ಬೇಕೋ ಎಂದು ಕೇಳುತ್ತಾರೆ. ಹೇರು ನಿಜವಾಗಿ ಆರೋಪಿಯ ಹೆಗಲ ಮೇಲೆ ಕೂರುವುದು ಆ ದಿನ.

ಚಾರ್ಜ್‌ಶೀಟಿಗೆ ಗಡುವಿದೆ ಎಂದು ಕೇಳಿರುತ್ತೀರಿ. ಮರಣದಂಡನೆ, ಜೀವಾವಧಿ ಅಥವಾ ಹತ್ತು ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಅಪರಾಧಕ್ಕೆ 90 ದಿನ, ಉಳಿದವಕ್ಕೆ 60 ದಿನ. ಅಷ್ಟರಲ್ಲಿ ಸಲ್ಲಿಸದಿದ್ದರೆ ಕೇಸು ಬಿದ್ದುಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಂಧನದಲ್ಲಿರುವ ಆರೋಪಿಗೆ ಜಾಮೀನು ಕೇಳುವ ಹಕ್ಕು ಬರುತ್ತದೆ, ಅಷ್ಟೇ. ತನಿಖೆ ನಡೆಯುತ್ತದೆ. ಇನ್ನೊಂದು ಗೊಂದಲ ಡಿಸ್ಚಾರ್ಜ್ ಮತ್ತು ಖುಲಾಸೆಯದು. ಚಾರ್ಜ್ ಬರೆಯುವ ಮೊದಲೇ ಆಧಾರ ಸಾಲದು ಎಂದು ಕೋರ್ಟು ಬಿಟ್ಟರೆ ಅದು ಡಿಸ್ಚಾರ್ಜ್, ಮುಂದೆ ಹೊಸ ಸಾಕ್ಷ್ಯ ಸಿಕ್ಕರೆ ಮತ್ತೆ ಕರೆಸಬಹುದು. ವಿಚಾರಣೆ ಪೂರ್ತಿ ನಡೆದು ನಿರ್ದೋಷಿ ಎಂದು ಬಿಟ್ಟರೆ ಖುಲಾಸೆ. ಆ ತೀರ್ಪು ನಿಂತಿರುವ ತನಕ ಅದೇ ಅಪರಾಧಕ್ಕೆ ಇನ್ನೊಮ್ಮೆ ವಿಚಾರಣೆ ಇಲ್ಲ. ಎರಡನ್ನೂ 'ಆರೋಪಮುಕ್ತ' ಎಂದು ಬರೆಯುವ ಸುದ್ದಿಗಳು ಓದುಗರಿಗೆ ಅರ್ಧ ಮಾತ್ರ ತಿಳಿಸುತ್ತವೆ.

ರೊಕ್ಕದ ಚಾರ್ಜ್ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬೆಳೆಸಬೇಕಿಲ್ಲ. ಖಾತೆಯ ಮೇಲೆ ಖರ್ಚಿನ ಭಾರ ಹಾಕುವುದು ಎಂಬುದರಿಂದ ಬೆಲೆ ಕೇಳುವುದು ಎಂಬ ಅರ್ಥ ಬಂತು. ಇಂಗ್ಲಿಷರು ಬಸ್ಸಿನದಕ್ಕೆ ಫೇರ್ ಎನ್ನುತ್ತಾರೆ, ಬಸ್ ಚಾರ್ಜ್ ನಮ್ಮ ಸೃಷ್ಟಿ, ಅದರಲ್ಲೇನೂ ತಪ್ಪಿಲ್ಲ. ಹೆಸ್ಕಾಂ ಕರೆಂಟ್ ಬಿಲ್ಲಿನಲ್ಲಿ ಎರಡು ಚಾರ್ಜುಗಳನ್ನು ಬೇರೆ ಮಾಡಿ ಓದಬೇಕು. ಎನರ್ಜಿ ಚಾರ್ಜ್ ಸುಟ್ಟ ಯೂನಿಟ್ಟಿಗೆ. ಫಿಕ್ಸೆಡ್ ಚಾರ್ಜ್ ಮಂಜೂರಾದ ಲೋಡಿಗೆ, ಅಂದರೆ ನಿಮಗಾಗಿ ಕಂಪನಿ ಸದಾ ಸಿದ್ಧ ಇಟ್ಟಿರುವ ಸಾಮರ್ಥ್ಯಕ್ಕೆ. 10 ಹಾರ್ಸ್‌ಪವರಿನ ಹಿಟ್ಟಿನ ಗಿರಣಿಗೆ 7.46 ಕಿಲೋವ್ಯಾಟ್ ಲೋಡು. ಗಿರಣಿ ಒಂದು ತಿಂಗಳು ತಿರುಗದಿದ್ದರೂ ಆ ಚಾರ್ಜ್ ಬಂದೇ ಬರುತ್ತದೆ. ಮೋಟಾರು ಸಣ್ಣದು ಹಾಕಿಸಿದ್ದರೆ ಲೋಡು ಇಳಿಸಲು ಅರ್ಜಿ ಕೊಡಬೇಕೇ ಹೊರತು ಮೀಟರಿಗೆ ಬೈದು ಉಪಯೋಗವಿಲ್ಲ.

ಕಬ್ಬಿನ ಸೀಮೆಯ ಜಗಳದ ಚಾರ್ಜ್ ಕಟಾವು ಮತ್ತು ಸಾಗಾಟದ್ದು. ಕೇಂದ್ರ ಸರಕಾರ 2025-26ರ ಹಂಗಾಮಿಗೆ ಶೇ 10.25 ಸಕ್ಕರೆ ಇಳುವರಿಗೆ ಕ್ವಿಂಟಲಿಗೆ ₹355, ಅಂದರೆ ಟನ್ನಿಗೆ ₹3,550 ಎಫ್‌ಆರ್‌ಪಿ (ನ್ಯಾಯಯುತ ಮತ್ತು ಲಾಭದಾಯಕ ಬೆಲೆ) ಗೊತ್ತುಮಾಡಿತು. ಇದು ಕಾರ್ಖಾನೆಯ ಗೇಟಿನಲ್ಲಿ ಕಬ್ಬು ಮುಟ್ಟಿದ ಬೆಲೆ, ಹೊಲದಲ್ಲಿ ನಿಂತ ಕಬ್ಬಿನದಲ್ಲ. ಗ್ಯಾಂಗು ಮತ್ತು ಟ್ರ್ಯಾಕ್ಟರನ್ನು ಕಾರ್ಖಾನೆಯೇ ಕಳಿಸಿದರೆ ಆ ವೆಚ್ಚ ಮುರಿದುಕೊಂಡು ಉಳಿದದ್ದು ರೈತನ ಖಾತೆಗೆ ಬೀಳುತ್ತದೆ. ಉದಾಹರಣೆಗೆ ಟನ್ನಿಗೆ ₹850 ಹಿಡಿದರೆ, 18 ಟನ್ ಹೊತ್ತ ಡಬಲ್ ಟ್ರೇಲರಿಗೆ ₹63,900ರಲ್ಲಿ ₹15,300 ಹೋಗಿ ₹48,600 ಕೈಗೆ ಬರುತ್ತದೆ. ಇಲ್ಲಿ ಒಂದು ತಮಾಷೆಯಿದೆ: ಕಬ್ಬನ್ನು ಬಂಡಿಗೆ ಹೇರುವುದೇ ಚಾರ್ಜ್ ಎಂಬ ಪದದ ಹುಟ್ಟು, ಹೇರಿದ್ದಕ್ಕೆ ಮುರಿದುಕೊಳ್ಳುವ ರೊಕ್ಕವೂ ಚಾರ್ಜ್.

ಲಾಠಿ ಚಾರ್ಜಿನ ನಂಟು ಸ್ವಲ್ಪ ದೂರದ್ದು. ಮೈಭಾರವನ್ನೆಲ್ಲ ಹಾಕಿ ಮುನ್ನುಗ್ಗುವುದು ಎಂಬ ಅರ್ಥ 16ನೇ ಶತಮಾನದ್ದು, ಆಯುಧ ತುಂಬಿ ಸಿದ್ಧವಾಗುವುದರಿಂದ ಬೆಳೆದಿರಬೇಕು. ಯುದ್ಧದ ಕುದುರೆಗೆ ಚಾರ್ಜರ್ ಎಂಬ ಹೆಸರಿತ್ತು. ಹಳೆಯ ಇಂಗ್ಲಿಷ್ ಬೈಬಲ್ಲಿನಲ್ಲಿ ಚಾರ್ಜರ್ ಎಂದರೆ ದೊಡ್ಡ ತಾಟು, ಅದೂ ಹೇರುವುದಕ್ಕೇ ಇದ್ದದ್ದು. ಇವತ್ತು ಆ ಪದ ಕೇಳಿದರೆ ಬಿಳಿ ವೈರು ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ಇಳಿಸುವುದು, ಮತ್ತೆ ತುಂಬುವುದು

ಡಿಸ್ ಎಂಬ ಪೂರ್ವಪ್ರತ್ಯಯ ಸೇರಿದರೆ ಹೇರು ಇಳಿಯುತ್ತದೆ. ರೋಗಿ, ಆರೋಪಿ, ಬ್ಯಾಟರಿ, ಸಾಲ ಎಲ್ಲಕ್ಕೂ ಸಲ್ಲುತ್ತದೆ. ಆಲಮಟ್ಟಿಯಲ್ಲಿ ಡಿಸ್ಚಾರ್ಜ್ ಎಂದರೆ ಹೊರಹರಿವು. 519.60 ಮೀಟರ್ ಎತ್ತರಕ್ಕೆ ನೀರು ನಿಂತಾಗ 123.08 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ) ಹಿಡಿಯುವ ಜಲಾಶಯ, 26 ಗೇಟು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. 11,574 ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಹಾಗಾಗಿ ಹೊರಹರಿವು ಒಂದು ಲಕ್ಷ ಕ್ಯೂಸೆಕ್ ಎಂದು ಓದಿದರೆ, ಅದೇ ಪ್ರಮಾಣದಲ್ಲಿ ದಿನಪೂರ್ತಿ ಹರಿದರೆ 8.64 ಟಿಎಂಸಿ ಎಂದು ಲೆಕ್ಕ ಹಾಕಿಕೊಳ್ಳಬಹುದು. ಕ್ಯೂಸೆಕ್ ಹರಿವಿನ ದರ, ಟಿಎಂಸಿ ಶೇಖರಣೆ. ಒಂದನ್ನು ಇನ್ನೊಂದರ ಜಾಗದಲ್ಲಿ ಬರೆದರೆ ಸುದ್ದಿ ಸುದ್ದಿಯಾಗಿ ಉಳಿಯುವುದಿಲ್ಲ.

ರೀಚಾರ್ಜ್ ಮತ್ತೆ ಹೇರುವುದು. ಮೊಬೈಲಿಗೆ ಕರೆನ್ಸಿ ಹಾಕಿಸುವುದು ಒಂದು, ಬೋರ್‌ವೆಲ್ಲಿಗೆ ಮಳೆನೀರು ಇಳಿಸುವುದು ಇನ್ನೊಂದು. ಎರಡನೆಯದಕ್ಕೆ ಕೇಸಿಂಗ್ ಪೈಪಿನ ಸುತ್ತ 10 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯುತ್ತಾರೆ. ಗುಂಡಿಯೊಳಗಿನ ಕೇಸಿಂಗಿನ ಕೆಳಭಾಗಕ್ಕೆ ಸಣ್ಣ ತೂತು ಕೊರೆದು ನೈಲಾನ್ ಜಾಳಿಗೆ ಸುತ್ತಿ, ತಳಕ್ಕೆ ದಪ್ಪ ಕಲ್ಲು, ಮೇಲೆ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ಕೊನೆಗೆ ಮರಳು ಹಾಕುತ್ತಾರೆ. ಜಾಳಿಗೆ ಸುತ್ತದೆ ಬಿಟ್ಟರೆ ಎರೆಮಣ್ಣಿನ ಕೆಸರು ನೇರ ಒಳಗಿಳಿದು ಇದ್ದ ಸೆಲೆಯನ್ನೂ ಮುಚ್ಚುತ್ತದೆ. ಸಾವಿರ ಚದರಡಿ ಮಾಳಿಗೆಯ ಮೇಲೆ 600 ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 55,000 ಲೀಟರ್, ಸೋರಿ ಆರಿ ಹೋದದ್ದು ಬಿಟ್ಟರೂ 45,000 ಲೀಟರ್ ಸಿಗುತ್ತದೆ. ಹಂಗಾಮಿನ ಮೊದಲ ಮಳೆಯ ನೀರನ್ನು ಹೊರಗೆ ಬಿಡಬೇಕು, ಅದರಲ್ಲಿ ಮಾಳಿಗೆಯ ಧೂಳು, ಹಕ್ಕಿಯ ಹಿಕ್ಕೆ ಎಲ್ಲ ಇರುತ್ತದೆ.

ಇಂಗ್ಲಿಷ್ ಓದುವಾಗ ಯಾವ ಚಾರ್ಜ್ ಎಂದು ಹಿಡಿಯುವುದಕ್ಕೆ ಹಿಂದು ಮುಂದಿನ ಸಣ್ಣ ಪದ ನೋಡಬೇಕು. ಚಾರ್ಜ್ ಫಾರ್ ಬಂದರೆ ಬೆಲೆ, ಚಾರ್ಜ್ ಟು ಬಂದರೆ ಯಾರದೋ ಖಾತೆಗೆ, ಚಾರ್ಜ್ ಅಟ್ ಬಂದರೆ ಮೈಮೇಲೆ ನುಗ್ಗಿತು. ಕಷ್ಟ ಚಾರ್ಜ್ಡ್ ವಿತ್ ಎಂಬುದರದು. ಕಳವಿನ ಮಾತು ಮುಂದಿದ್ದರೆ ಆರೋಪ ಹೊರಿಸಿದರು, ಬಂದೋಬಸ್ತಿನ ಮಾತು ಮುಂದಿದ್ದರೆ ಹೊಣೆ ಹೊರಿಸಿದರು. ಇದನ್ನು ನೋಡದೆ ಯಂತ್ರಕ್ಕೆ ಬಿಟ್ಟರೆ ಶಾಂತಿ ಕಾಪಾಡಿದ ಆರೋಪ ಅಧಿಕಾರಿಯ ಮೇಲೆ ಬೀಳುತ್ತದೆ, ಫೋನಿನ ಪರದೆಯಲ್ಲಿ 'ಶುಲ್ಕ ವಿಧಿಸಲಾಗುತ್ತಿದೆ' ಎಂದು ಬಂದು ಅಜ್ಜಿ ಗಾಬರಿಯಾಗಿ ವೈರು ಕೀಳುತ್ತಾಳೆ. ಇನ್ ಚಾರ್ಜ್ ಆಫ್ ಎಂದರೆ ಹೊಣೆ ಹೊತ್ತವನು, ನಡುವೆ ದಿ ಸೇರಿ ಇನ್ ದಿ ಚಾರ್ಜ್ ಆಫ್ ಆದರೆ ಇನ್ನೊಬ್ಬರ ವಶದಲ್ಲಿರುವವನು. ಹಿಂಡಲಗಾ ಜೈಲಿನ ಬಗ್ಗೆ ಇಂಗ್ಲಿಷ್ ವರದಿ ಬರೆಯುವಾಗ ಆ ಒಂದು 'ದಿ' ಬಿಟ್ಟುಹೋದರೆ ಕೈದಿಯೇ ಜೈಲರನ್ನು ಕಾಯತೊಡಗುತ್ತಾನೆ.